ಗ್ಯಾರೇಜಿಗೆ ಬಿಟ್ಟ ಕಾರಿಗೆ ಸಾಕ್ಷಿ ಯಾರು?

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಹಾಗೂ ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಕಾರು ಇಂದು ಸಿರಿವಂತರ ಮನೆಯ ಸೊತ್ತಾಗಿ ಮಾತ್ರ ಉಳಿದಿಲ್ಲ. ತಂಬಾಕು ಬೆಳೆಗಾರರು, ಶಾಲಾ ಶಿಕ್ಷಕರು, ಕಬಿನಿ ಹಿನ್ನೀರಿನ ರೆಸಾರ್ಟುಗಳಿಗೆ ಪ್ರವಾಸಿಗರನ್ನು ಕರೆದೊಯ್ಯುವ ಟ್ಯಾಕ್ಸಿ ಚಾಲಕರು ಎಲ್ಲರೂ ಸಾಲ ಮಾಡಿಯಾದರೂ ಕಾರು ಕೊಂಡಿದ್ದಾರೆ. ಈ ಕಾರುಗಳ ಮುಂಗಾಜಿನ ಮೇಲೆ ಬೆರಳುದ್ದದ ಕ್ಯಾಮೆರಾವೊಂದು ಕಾಣಿಸಿಕೊಳ್ಳುತ್ತಿದೆ. ಅದರ ಹೆಸರು ಡ್ಯಾಶ್‌ಕ್ಯಾಮ್.

ರಸ್ತೆಯ ಮೇಲಿನ ತಂಟೆಗೆ ಸಾಕ್ಷಿಯಾಗಲೆಂದು ಬಂದ ಉಪಕರಣವಿದು. 2023ರ ಜನವರಿಯಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲಿ ನಡುರಾತ್ರಿ ಇಬ್ಬರು ಯುವಕರು ಬೇಕೆಂದೇ ತಮ್ಮ ಬೈಕನ್ನು ಕಾರಿಗೆ ಗುದ್ದಿ, ದಂಪತಿಯನ್ನು ಬೆನ್ನಟ್ಟಿದ ದೃಶ್ಯ ಡ್ಯಾಶ್‌ಕ್ಯಾಮ್‌ನಲ್ಲಿ ಸೆರೆಯಾಗಿ, ಪೊಲೀಸರು ಆರೋಪಿಗಳನ್ನು ಬಂಧಿಸಿದ್ದು ಓದುಗರ ನೆನಪಿನಲ್ಲಿರಬಹುದು. ಅದೇ ಕ್ಯಾಮೆರಾವನ್ನು ಕೆಲವು ಮಾಲೀಕರು ಈಗ ಇನ್ನೊಂದು ಕೆಲಸಕ್ಕೆ ಬಳಸುತ್ತಿದ್ದಾರೆ. ಕೀಲಿಕೈಯನ್ನು ಗ್ಯಾರೇಜಿನವರ ಕೈಗಿತ್ತ ಮೇಲೆ ಕಾರಿಗೆ ಏನಾಯಿತು, ಯಾರು ಓಡಿಸಿದರು, ಎಷ್ಟು ದೂರ ಹೋಯಿತು ಎಂಬುದನ್ನು ತಿಳಿಯುವುದೇ ಆ ಕೆಲಸ. ಇದು ಗ್ರಾಹಕನ ಹಕ್ಕೋ, ಅಪನಂಬಿಕೆಯ ಅತಿರೇಕವೋ? ಅದಕ್ಕಿಂತ ಮುಖ್ಯವಾಗಿ, ಈ ಕ್ಯಾಮೆರಾ ನಿಜಕ್ಕೂ ಗ್ರಾಹಕನನ್ನು ಕಾಯಬಲ್ಲದೇ?

ದೂರವೇ ಸಮಸ್ಯೆಯ ಮೂಲ

ಈ ನಾಲ್ಕೂ ಪಟ್ಟಣಗಳು ಮೈಸೂರಿನಿಂದ ಸರಿಸುಮಾರು 40ರಿಂದ 70 ಕಿ.ಮೀ. ದೂರದಲ್ಲಿವೆ. ಕಾರು ತಯಾರಿಕಾ ಕಂಪನಿಗಳ ದೊಡ್ಡ ಸರ್ವಿಸ್ ಕೇಂದ್ರಗಳು ಹೆಚ್ಚಾಗಿ ಇರುವುದು ಮೈಸೂರು ನಗರದಲ್ಲಿ. ವಾರಂಟಿ ಮುಗಿಯುವವರೆಗೆ ಮಾಲೀಕರು ಅಲ್ಲಿಗೇ ಹೋಗುತ್ತಾರೆ. ಬೆಳಿಗ್ಗೆ ಕಾರು ಬಿಟ್ಟು, ಬಸ್ಸು ಹತ್ತಿ ಊರಿಗೆ ಮರಳಿ, ಸಂಜೆಯೋ ಮರುದಿನವೋ ಬಂದು ಒಯ್ಯುವುದು ರೂಢಿ. ಇನ್ನು ಕೆಲವರ ಮನೆಯಿಂದಲೇ ಸರ್ವಿಸ್ ಕೇಂದ್ರದ ಚಾಲಕ ಕಾರನ್ನು ಒಯ್ದು, ಕೆಲಸ ಮುಗಿದ ನಂತರ ತಂದು ಬಿಡುತ್ತಾನೆ. ನಗರದ ಗ್ರಾಹಕನಂತೆ ಗಾಜಿನಾಚೆ ಕುರ್ಚಿ ಹಾಕಿಕೊಂಡು ಕೆಲಸ ನೋಡುತ್ತ ಕೂರಲು ಇವರಿಗೆ ಸಾಧ್ಯವಿಲ್ಲ.

ವಾರಂಟಿ ಮುಗಿದ ಬಳಿಕ ಕಾರು ಊರಿನ ಗ್ಯಾರೇಜಿಗೆ ಬರುತ್ತದೆ. ಅಲ್ಲಿ ಮಾಲೀಕನೂ ಮೆಕ್ಯಾನಿಕ್ಕೂ ಪರಸ್ಪರ ಬಲ್ಲವರು. "ಬ್ರೇಕ್ ಸ್ವಲ್ಪ ನೋಡಿಬಿಡಣ್ಣ" ಎಂಬ ಒಂದು ಮಾತೇ ಅಲ್ಲಿ ಕರಾರುಪತ್ರ. ರಸೀದಿಯನ್ನು ಯಾರೂ ಕೇಳುವುದಿಲ್ಲ, ಯಾರೂ ಕೊಡುವುದಿಲ್ಲ. ಈ ಪರಿಚಯದ ವ್ಯವಹಾರ ಬಹುಪಾಲು ಸುಸೂತ್ರವಾಗಿಯೇ ನಡೆಯುತ್ತದೆ. ಆದರೆ ಒಮ್ಮೆ ಮನಸ್ತಾಪ ಬಂದಿತೆಂದರೆ ಇಬ್ಬರ ಬಳಿಯೂ ಆಧಾರವೆಂಬುದು ಇರುವುದಿಲ್ಲ. ನಗರದ ಸರ್ವಿಸ್ ಕೇಂದ್ರದಲ್ಲಿ ಕಾಗದವಿದೆ, ಪರಿಚಯವಿಲ್ಲ. ಊರಿನ ಗ್ಯಾರೇಜಿನಲ್ಲಿ ಪರಿಚಯವಿದೆ, ಕಾಗದವಿಲ್ಲ. ಈ ಎರಡರ ನಡುವಿನ ಖಾಲಿ ಜಾಗದಲ್ಲಿ ಕ್ಯಾಮೆರಾ ಬಂದು ಕುಳಿತಿದೆ.

ಕ್ಯಾಮೆರಾ ಕಾಣುವುದೆಷ್ಟು?

ಡ್ಯಾಶ್‌ಕ್ಯಾಮ್ ಮೂಲತಃ ಮುಂದಿನ ರಸ್ತೆಯನ್ನು ನೋಡುವ ಸಾಧನ. ಗ್ಯಾರೇಜಿನಲ್ಲಿ ಬಾನೆಟ್ ಎತ್ತಿದೊಡನೆ ಅದಕ್ಕೆ ಕಾಣುವುದು ಬಾನೆಟ್ಟಿನ ತಗಡು ಮಾತ್ರ. ಕಾರನ್ನು ಲಿಫ್ಟ್ ಮೇಲೇರಿಸಿದರೆ ಎದುರಿನ ಗೋಡೆ ಕಾಣುತ್ತದೆ. ಎಂಜಿನ್ ಆಯಿಲ್ ನಿಜವಾಗಿಯೂ ಬದಲಾಯಿತೇ, ಬ್ರೇಕ್ ಪ್ಯಾಡ್ ಹೊಸದೇ, ಏರ್ ಫಿಲ್ಟರನ್ನು ಬದಲಿಸಿದರೇ ಅಥವಾ ಗಾಳಿ ಊದಿ ಮತ್ತೆ ಕೂರಿಸಿದರೇ ಎಂಬ ಪ್ರಶ್ನೆಗಳಿಗೆ ಅದರ ಬಳಿ ಉತ್ತರವಿಲ್ಲ. ಗ್ರಾಹಕರ ಅನುಮಾನಗಳಲ್ಲಿ ಹೆಚ್ಚಿನವು ಇಂಥವೇ ಎಂಬುದನ್ನು ಇಲ್ಲಿ ಗಮನಿಸಬೇಕು.

ಮತ್ತೊಂದು ಮಿತಿಯೂ ಇದೆ. ಸಾಮಾನ್ಯ ಡ್ಯಾಶ್‌ಕ್ಯಾಮ್‌ಗೆ ವಿದ್ಯುತ್ ದೊರೆಯುವುದು ಕಾರಿನ 12 ವೋಲ್ಟ್ ಸಾಕೆಟ್ಟಿನಿಂದ. ಬಹಳಷ್ಟು ಕಾರುಗಳಲ್ಲಿ ಇಗ್ನಿಷನ್ ಆರಿಸಿದರೆ ಕ್ಯಾಮೆರಾವೂ ಆರುತ್ತದೆ. ನಿಂತ ಕಾರಿನಲ್ಲೂ ಅದು ಎಚ್ಚರವಾಗಿರಬೇಕಾದರೆ ಬ್ಯಾಟರಿಯಿಂದ ನೇರ ಸಂಪರ್ಕ ಪಡೆಯುವ ಪಾರ್ಕಿಂಗ್ ಮೋಡ್ ವ್ಯವಸ್ಥೆ ಬೇಕು. ಮೆಮೊರಿ ಕಾರ್ಡ್ ತುಂಬಿದ ಕೂಡಲೇ ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗುತ್ತದೆ. ವಿದ್ಯುತ್ ವೈರಿಂಗ್ ಕೆಲಸಕ್ಕೆ ಮೆಕ್ಯಾನಿಕ್ ಬ್ಯಾಟರಿಯ ಸಂಪರ್ಕವನ್ನೇ ತೆಗೆಯಬೇಕಾಗುತ್ತದೆ. ಆದ್ದರಿಂದ ದಾಖಲೆಯ ನಡುವೆ ಎರಡು ಗಂಟೆ ಕಾಣೆಯಾದ ಮಾತ್ರಕ್ಕೆ ಮೋಸ ನಡೆದಿದೆ ಎಂದು ತೀರ್ಮಾನಿಸುವಂತಿಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಈ ಕ್ಯಾಮೆರಾಕ್ಕೂ ಅನ್ವಯಿಸುತ್ತದೆ.

ಹಾಗಾದರೆ ಇದರ ಪ್ರಯೋಜನವೆಲ್ಲಿ? ಕಾರು ಚಲಿಸುವಾಗ. ಟೆಸ್ಟ್ ಡ್ರೈವ್ ಹೆಸರಿನಲ್ಲಿ ಕಾರು ಎಲ್ಲಿಗೆ ಹೋಯಿತು, ಜಿಪಿಎಸ್ ಇದ್ದರೆ ಯಾವ ವೇಗದಲ್ಲಿ ಹೋಯಿತು, ಒಳಮುಖದ ಕ್ಯಾಮೆರಾ ಇದ್ದರೆ ಸ್ಟಿಯರಿಂಗ್ ಹಿಡಿದವರು ಯಾರು ಎಂಬುದನ್ನೆಲ್ಲ ಅದು ಹೇಳಬಲ್ಲದು. ಪಿರಿಯಾಪಟ್ಟಣದ ಮನೆಯಿಂದ ಮೈಸೂರಿಗೆ ಹೋಗಿಬರುವ ಹೆದ್ದಾರಿ ಪಯಣದಲ್ಲಿ ಸರ್ವಿಸ್ ಕೇಂದ್ರದ ಚಾಲಕ ಹೇಗೆ ಓಡಿಸಿದ ಎಂಬುದಕ್ಕೆ ಅದಕ್ಕಿಂತ ಉತ್ತಮ ಸಾಕ್ಷಿ ಇಲ್ಲ. ಇದು ಸಣ್ಣ ವಿಷಯವಲ್ಲ. ಚಾಲನಾ ಪರವಾನಗಿ ಇಲ್ಲದ ಸಹಾಯಕ ಹುಡುಗನೊಬ್ಬ ಟ್ರಯಲ್ ನೋಡಲು ಹೋಗಿ ಅಪಘಾತವಾದರೆ ಕಾರಿಗಾದ ಹಾನಿಯ ವಿಮಾ ಪರಿಹಾರಕ್ಕೆ ತೊಡಕಾಗುತ್ತದೆ. ರಸ್ತೆಯಲ್ಲಿ ಹೋಗುವ ಅಮಾಯಕರ ಪ್ರಾಣದ ಪ್ರಶ್ನೆಯಂತೂ ಇದ್ದೇ ಇದೆ.

ಕಾನೂನು ಏನು ಹೇಳುತ್ತದೆ?

ಕಾರನ್ನು ದುರಸ್ತಿಗೆ ಒಪ್ಪಿಸುವುದು 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಬೇಲ್‌ಮೆಂಟ್ ಎನಿಸುತ್ತದೆ. ಅಂದರೆ ಒಂದು ಉದ್ದೇಶಕ್ಕಾಗಿ ವಸ್ತುವನ್ನು ಮತ್ತೊಬ್ಬರ ವಶಕ್ಕೆ ಕೊಟ್ಟು, ಉದ್ದೇಶ ಈಡೇರಿದ ಬಳಿಕ ಮರಳಿ ಪಡೆಯುವ ಒಪ್ಪಂದ. ತನ್ನ ವಶಕ್ಕೆ ಬಂದ ವಸ್ತುವನ್ನು ಸಾಮಾನ್ಯ ವಿವೇಕವುಳ್ಳ ವ್ಯಕ್ತಿ ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಜಾಗ್ರತೆಯಿಂದ ನೋಡಿಕೊಳ್ಳಬೇಕೆಂದು ಈ ಕಾಯ್ದೆಯ 151ನೇ ಕಲಂ ವಿಧಿಸುತ್ತದೆ. 154ನೇ ಕಲಂ ಇನ್ನೂ ನೇರವಾಗಿದೆ. ಒಪ್ಪಂದಕ್ಕೆ ಹೊರತಾಗಿ ವಸ್ತುವನ್ನು ಬಳಸಿದರೆ, ಆ ಬಳಕೆಯ ವೇಳೆ ಆದ ಹಾನಿಗೆ ಬಳಸಿದವರೇ ಪರಿಹಾರ ಕೊಡಬೇಕು. ಬ್ರೇಕ್ ಪರೀಕ್ಷೆಗೆ ಎರಡು ಕಿ.ಮೀ. ಓಡಿಸುವುದು ಒಪ್ಪಂದದೊಳಗಿನ ಬಳಕೆ. ಊಟ ತರಲೆಂದೋ ಗೆಳೆಯರೊಂದಿಗೆ ಸುತ್ತಾಡಲೆಂದೋ ಗ್ರಾಹಕರ ಕಾರು ಒಯ್ಯುವುದು ಹೊರಗಿನದು. ಈ ವ್ಯತ್ಯಾಸವನ್ನು ಸಾಬೀತುಪಡಿಸಲು ಡ್ಯಾಶ್‌ಕ್ಯಾಮ್ ನೆರವಾಗುತ್ತದೆ.

'ಮಾಲೀಕರ ಸ್ವಂತ ಜವಾಬ್ದಾರಿಯ ಮೇಲೆ' ಎಂಬ ಫಲಕವನ್ನು ತೂಗುಹಾಕಿದರೆ ಹೊಣೆ ಕಳೆಯಿತೆಂದು ಭಾವಿಸುವವರಿದ್ದಾರೆ. ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ 1998ರಲ್ಲಿ ಅತಿಥಿಯೊಬ್ಬರು ನಿಲುಗಡೆಗೆಂದು ಸಿಬ್ಬಂದಿಗೆ ಒಪ್ಪಿಸಿದ್ದ ಮಾರುತಿ ಜೆನ್ ಕಾರು ಕಳುವಾಗಿತ್ತು. ಆ ಪ್ರಕರಣದಲ್ಲಿ 2019ರ ನವೆಂಬರ್‌ನಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ಕಾರನ್ನು ವಶಕ್ಕೆ ಪಡೆದ ಹೋಟೆಲು ತನ್ನ ನಿರ್ಲಕ್ಷ್ಯಕ್ಕೆ ಇಂಥ ಷರತ್ತಿನ ಮರೆ ಪಡೆಯುವಂತಿಲ್ಲ ಎಂದಿತು. ಹೋಟೆಲಿನ ಬಗ್ಗೆ ಬಂದ ಆ ತೀರ್ಪಿನ ಹಿಂದಿರುವುದೂ ಗ್ಯಾರೇಜಿಗೆ ಅನ್ವಯಿಸುವ ಬೇಲ್‌ಮೆಂಟ್ ತತ್ವವೇ.

ಪರಿಹಾರ ಕೇಳುವ ದಾರಿಯೂ ಈಗ ಹಿಂದಿನಷ್ಟು ದೂರದ್ದಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಎಚ್.ಡಿ. ಕೋಟೆಯ ನಿವಾಸಿ ತನ್ನ ಕಾರನ್ನು ಬೆಂಗಳೂರಿನಲ್ಲಿ ದುರಸ್ತಿಗೆ ಕೊಟ್ಟಿದ್ದರೂ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ಹೋಗಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಎರಡು ವರ್ಷದೊಳಗೆ ದೂರು ದಾಖಲಾಗಬೇಕು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ರಾಜಿಗೆ ಯತ್ನಿಸಬಹುದು. ಬಿಲ್ ಕೊಡದಿರುವುದನ್ನೇ ಈ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಗೆ ಸೇರಿಸಿದೆ ಎಂಬುದು ಬಹುಮಂದಿಗೆ ತಿಳಿಯದ ಸಂಗತಿ.

ಆದರೆ ಆಯೋಗದ ಮುಂದೆ ವಿಡಿಯೊ ಒಂದೇ ನಿಲ್ಲುವುದು ಕಷ್ಟ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರವನ್ನು ಕೇಳುತ್ತದೆ. ಗ್ರಾಹಕ ಆಯೋಗಗಳ ವಿಚಾರಣೆ ನ್ಯಾಯಾಲಯದಷ್ಟು ಕಟ್ಟುನಿಟ್ಟಿನದಲ್ಲದಿದ್ದರೂ ಮೂಲ ಮೆಮೊರಿ ಕಾರ್ಡನ್ನು ಕತ್ತರಿಸದೆ, ತಿದ್ದದೆ ಕಾಯ್ದಿಟ್ಟುಕೊಳ್ಳುವುದು ಜಾಣತನ. ಮೊಬೈಲಿನಲ್ಲಿ ಕತ್ತರಿಸಿ ಹಂಚಿದ ಅರ್ಧ ನಿಮಿಷದ ತುಣುಕಿಗೆ ಅಂಥ ತೂಕ ಬರಲಾರದು.

ಮೆಕ್ಯಾನಿಕ್‌ನ ಮಾನವೂ ಮುಖ್ಯ

ಇನ್ನೊಂದು ಮಗ್ಗುಲನ್ನೂ ನೋಡಬೇಕು. ಡ್ಯಾಶ್‌ಕ್ಯಾಮ್ ದೃಶ್ಯವನ್ನಷ್ಟೇ ಅಲ್ಲ, ಮಾತನ್ನೂ ದಾಖಲಿಸುತ್ತದೆ. ಕಾರಿನೊಳಗೆ ಕೂತ ಕೆಲಸಗಾರರಿಬ್ಬರು ತಮ್ಮ ಮನೆಯ ಕಷ್ಟವನ್ನು ಮಾತಾಡಿಕೊಂಡರೆ ಅದನ್ನು ಕೇಳಿಸಿಕೊಳ್ಳುವ ಹಕ್ಕು ಕಾರಿನ ಮಾಲೀಕನಿಗೆ ಎಲ್ಲಿಂದ ಬಂತು? ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 2015ನೇ ಮಾದರಿಯ ಕಾರ್ವೆಟ್ ಕಾರಿನಲ್ಲಿ, ಪಾರ್ಕಿಂಗ್ ಸಿಬ್ಬಂದಿಯ ಚಾಲನೆಯನ್ನು ದೃಶ್ಯ ಮತ್ತು ಧ್ವನಿ ಸಹಿತ ದಾಖಲಿಸುವ ಸೌಲಭ್ಯ ಒದಗಿಸಿತ್ತು. ಅನುಮತಿ ಇಲ್ಲದೆ ಧ್ವನಿಮುದ್ರಣ ಮಾಡುವುದು ಕೆಲವು ರಾಜ್ಯಗಳಲ್ಲಿ ಕಾನೂನಿಗೆ ವಿರುದ್ಧವಾದೀತೆಂದು 2014ರ ಸೆಪ್ಟೆಂಬರ್‌ನಲ್ಲಿ ಅದೇ ಕಂಪನಿ ಆ ಸೌಲಭ್ಯವನ್ನು ಬಳಸದಂತೆ ಗ್ರಾಹಕರಿಗೆ ತಿಳಿಸಬೇಕಾಯಿತು. ಜರ್ಮನಿಯ ಅತ್ಯುನ್ನತ ನ್ಯಾಯಾಲಯವೊಂದು 2018ರಲ್ಲಿ, ಎಡೆಬಿಡದೆ ಚಿತ್ರೀಕರಿಸುವುದು ಖಾಸಗಿ ಮಾಹಿತಿ ರಕ್ಷಣೆಯ ಕಾನೂನಿಗೆ ವಿರುದ್ಧವಾದರೂ ಅಪಘಾತದ ಮೊಕದ್ದಮೆಯಲ್ಲಿ ಡ್ಯಾಶ್‌ಕ್ಯಾಮ್ ದೃಶ್ಯವನ್ನು ಸಾಕ್ಷ್ಯವಾಗಿ ಪರಿಗಣಿಸಬಹುದೆಂದು ಹೇಳಿತು. ನಮ್ಮಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದೆ. ಆ ತೀರ್ಪಿನ ಆಶಯ ಗ್ರೀಸ್ ಮೆತ್ತಿದ ಅಂಗಿ ತೊಟ್ಟವನಿಗೂ ಸಲ್ಲುತ್ತದೆ.

ಸಣ್ಣ ಊರಿನಲ್ಲಿ ಇದರ ಪರಿಣಾಮ ಇನ್ನೂ ಹರಿತ. ನಗರದ ಸರ್ವಿಸ್ ಕೇಂದ್ರದ ವಿರುದ್ಧ ವಿಡಿಯೊ ಹರಿದಾಡಿದರೆ ಅದು ಕ್ಷಮೆ ಕೇಳಿ ಮುಂದೆ ಸಾಗುತ್ತದೆ. ತಾಲ್ಲೂಕು ಕೇಂದ್ರದ ಒಂಟಿ ಮೆಕ್ಯಾನಿಕ್‌ನ ಬದುಕು ನಿಂತಿರುವುದು ಅವನ ಹೆಸರಿನ ಮೇಲೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವಸರದಿಂದ ಹಾಕಿದ ತುಣುಕು ಆ ಹೆಸರನ್ನು ಒಂದೇ ದಿನದಲ್ಲಿ ಕೆಡಿಸಬಲ್ಲದು. ಆರೋಪ ಸುಳ್ಳಾದರೆ ಹಂಚಿದವರ ಮೇಲೆಯೇ ಮಾನನಷ್ಟದ ಪ್ರಕರಣ ಬರಬಹುದು. ಅದಲ್ಲದೆ ಮೋಸ ಯಾವಾಗಲೂ ಒಂದೇ ಕಡೆಯದಲ್ಲ. ಹಳೆಯ ಗೀರನ್ನು ಹೊಸದೆಂದು ವಾದಿಸುವ ಗ್ರಾಹಕರೂ, ದುರಸ್ತಿ ಹಣವನ್ನು ಬೆಳೆ ಮಾರಾಟವಾದ ಮೇಲೆ ಕೊಡುವೆನೆಂದು ವರ್ಷಗಟ್ಟಲೆ ಎಳೆಯುವವರೂ ಇದ್ದಾರೆ. ಕೂಲಿ ಸಂದಾಯವಾಗುವವರೆಗೆ ವಾಹನವನ್ನು ತನ್ನಲ್ಲೇ ಇಟ್ಟುಕೊಳ್ಳುವ ಹಕ್ಕನ್ನು ಅದೇ ಕರಾರು ಕಾಯ್ದೆಯ 170ನೇ ಕಲಂ ದುರಸ್ತಿ ಮಾಡಿದವನಿಗೆ ಕೊಟ್ಟಿದೆ.

ಆಗಬೇಕಾದದ್ದೇನು?

ಕ್ಯಾಮೆರಾ ಇರಲಿ, ಆದರೆ ಬಚ್ಚಿಟ್ಟ ಕ್ಯಾಮೆರಾ ಬೇಡ. 'ಕಾರಿನಲ್ಲಿ ಕ್ಯಾಮೆರಾ ಇದೆ, ಮೈಕ್ ಆರಿಸಿದ್ದೇನೆ' ಎಂದು ಕೀಲಿಕೈ ಕೊಡುವಾಗಲೇ ಹೇಳಿಬಿಟ್ಟರೆ ಅರ್ಧ ಸಮಸ್ಯೆ ಅಲ್ಲೇ ಪರಿಹಾರವಾಗುತ್ತದೆ. ಗುಟ್ಟಾಗಿ ಹಿಡಿದು ಜಗಳವಾಡುವುದಕ್ಕಿಂತ ತಪ್ಪು ನಡೆಯದಂತೆ ತಡೆಯುವುದು ಗ್ರಾಹಕನಿಗೂ ಲಾಭ.

ಕ್ಯಾಮೆರಾ ಕಾಣದ್ದನ್ನು ಕಾಗದ ಕಾಣಬೇಕು. ಕಾರು ಬಿಡುವಾಗ ಕಿಲೋಮೀಟರ್ ರೀಡಿಂಗ್, ಇಂಧನದ ಮಟ್ಟ, ಈಗಾಗಲೇ ಇರುವ ಗೀರುಗಳು, ಹೇಳಿದ ಕೆಲಸ, ಅಂದಾಜು ವೆಚ್ಚ ಇಷ್ಟನ್ನು ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಬೇಕು. ಮನೆಯಿಂದ ಮೈಸೂರಿಗೆ ಹೋಗಿಬರಲು 130 ಕಿ.ಮೀ. ಆಗುವುದಾದರೆ, ಅದಕ್ಕಿಂತ ಹೆಚ್ಚಾದ ಪ್ರತಿ ಕಿಲೋಮೀಟರಿಗೂ ವಿವರಣೆ ಕೇಳುವುದು ಗ್ರಾಹಕನ ಹಕ್ಕು. ಬದಲಿಸಿದ ಹಳೆಯ ಬಿಡಿಭಾಗಗಳನ್ನು ಮರಳಿ ಕೇಳಿ ಕಣ್ಣಾರೆ ನೋಡಬೇಕು. ಊರಿನ ಗ್ಯಾರೇಜಿನವರೂ ಎರಡು ಪ್ರತಿಯ ಪುಟ್ಟ ರಸೀದಿ ಪುಸ್ತಕವೊಂದನ್ನು ಇಟ್ಟುಕೊಂಡರೆ ಸಾಕು. ಅದು ನಾಳೆ ಸುಳ್ಳು ಆರೋಪದಿಂದ ಅವರನ್ನೇ ಕಾಯುತ್ತದೆ. ಕಾರು ಒಳಬರುವಾಗ ಮೊಬೈಲಿನಲ್ಲಿ ಸುತ್ತಲೂ ಒಂದು ನಿಮಿಷದ ವಿಡಿಯೊ ತೆಗೆದುಕೊಳ್ಳುವ ಮೆಕ್ಯಾನಿಕ್ ಯಾವ ಡ್ಯಾಶ್‌ಕ್ಯಾಮ್‌ಗೂ ಅಂಜಬೇಕಾಗಿಲ್ಲ.

ಗಾಜಿಗಂಟಿದ ಕ್ಯಾಮೆರಾ ಕಾರು ಎಲ್ಲಿಗೆ ಹೋಯಿತೆಂದು ಹೇಳೀತು, ಕೆಲಸ ಪ್ರಾಮಾಣಿಕವಾಗಿತ್ತೇ ಎಂದು ಹೇಳಲಾರದು. ಅದನ್ನು ಹೇಳಬೇಕಾದದ್ದು ಎರಡೂ ಕಡೆಯ ಸಹಿ ಇರುವ ಒಂದು ಹಾಳೆ. ಹುಣಸೂರಿನಿಂದ ಎಚ್.ಡಿ. ಕೋಟೆಯವರೆಗೆ ಗ್ರಾಹಕರು ಸಾವಿರಾರು ರೂಪಾಯಿಯ ಕ್ಯಾಮೆರಾ ಕೊಳ್ಳುವ ಮೊದಲು ಖರ್ಚಿಲ್ಲದ ಆ ಹಾಳೆಯನ್ನು ಕೇಳುವುದನ್ನು ರೂಢಿ ಮಾಡಿಕೊಂಡರೆ ಒಳಿತು.