ಸೈಕಲ್ ರೂಟ್ ಬೋರ್ಡ್ ಆಮೇಲೆ ಹಾಕಿ, ಮೊದಲು ರಸ್ತೆಯ ಅಂಚಿಗೆ ಮಣ್ಣು ಹಾಕಿ

ವಿಜಯನಗರ ಜಿಲ್ಲೆಯಲ್ಲಿ ಆರು ತಾಲ್ಲೂಕುಗಳಿವೆ. ಪ್ರವಾಸೋದ್ಯಮದ ಮಾತು ಬಂದಾಗ ಮಾತ್ರ ಒಂದೇ ಉಳಿಯುತ್ತದೆ, ಹಂಪಿ ಇರುವ ಹೊಸಪೇಟೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದರೆ ಹಂಪಿಗೆ ಹೋಗುವಾಗ ಚಹಾ ಕುಡಿಯಲು ಬಸ್ ನಿಲ್ಲುವ ಊರುಗಳು.

ಸೈಕಲ್ ಹತ್ತಿ ನೋಡಿದರೆ ಈ ಲೆಕ್ಕ ತಿರುಗುಮುರುಗಾಗುತ್ತದೆ. ಈಚೆಗೆ ರಜಾ ದಿನಗಳಲ್ಲಿ ಹೆಲ್ಮೆಟ್ ಹಾಕಿ, ಸಣ್ಣ ಟೈರಿನ ಸೈಕಲ್ ತುಳಿಯುತ್ತ ನಮ್ಮ ಊರುಗಳ ಮುಂದೆ ಹಾದುಹೋಗುವವರನ್ನು ನೀವೂ ನೋಡಿರುತ್ತೀರಿ. ಇಲ್ಲೊಂದು ಸೈಕಲ್ ರೂಟ್ ಮಾಡಿ, ಬೋರ್ಡ್ ಹಾಕಿ, ನಾಲ್ಕು ಜನ ಬರಲಿ ಎನ್ನುವ ಮಾತು ಚಹಾದಂಗಡಿ ಕಟ್ಟೆಯಲ್ಲೂ ಕೇಳಿಬರುತ್ತಿದೆ. ನನ್ನ ತಕರಾರೇನೂ ಇಲ್ಲ. ಬರಲಿ. ಆದರೆ ಈ ರಸ್ತೆಗಳಲ್ಲಿ ಈಗಾಗಲೇ ದಿನಾ ಸೈಕಲ್ ತುಳಿಯುವವರು ಇದ್ದಾರೆ. ಹೈಸ್ಕೂಲಿಗೆ ಹೋಗುವ ಮಕ್ಕಳು, ಹಾಲಿನ ಕ್ಯಾನ್ ಕಟ್ಟಿಕೊಂಡವರು, ಹೊಲಕ್ಕೆ ಬುತ್ತಿ ಒಯ್ಯುವವರು. ಅವರಿಗೆ ಆಗದ ರಸ್ತೆ ಬೆಂಗಳೂರಿನಿಂದ ಬಂದವರಿಗೂ ಆಗುವುದಿಲ್ಲ.

ರಸ್ತೆಗಳು ಚೆಂದ ಇವೆ, ಅದನ್ನು ಒಪ್ಪಬೇಕು. ಹಡಗಲಿಯಿಂದ ಮಾಗಳ, ಹಿರೇಹಡಗಲಿ ದಾಟಿ ಮೈಲಾರಕ್ಕೆ ಹೋದರೆ ತುಂಗಭದ್ರೆಯ ಸೀಮೆ, ಕಣ್ಣಿಗೆ ತಂಪು. ಹರಪನಹಳ್ಳಿಯಿಂದ ಬಾಗಳಿಯ ಕಲ್ಲೇಶ್ವರ ಗುಡಿಗೆ ಒಂದು ಮುಂಜಾನೆ ಸಾಕು. ಕಾಲಿಗೆ ಕಸುವಿದ್ದವರು ಉಚ್ಚಂಗಿದುರ್ಗದ ಕಡೆ ಹೊರಳಬಹುದು. ಕೂಡ್ಲಿಗಿಯಿಂದ ಕೊಟ್ಟೂರು ಇಪ್ಪತ್ತು ಕಿಲೋಮೀಟರ್ ಚಿಲ್ಲರೆ, ಮುಂದೆ ಉಜ್ಜಿನಿ. ಆಷಾಢದಲ್ಲಿ ಹೋಗುವುದಾದರೆ ಒಂದು ಮಾತು. ಗಾಳಿ ಪಶ್ಚಿಮದಿಂದ ಬೀಸುತ್ತದೆ. ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವಾಗ ಎದುರುಗಾಳಿ, ಬರುವಾಗ ಅದೇ ಗಾಳಿ ಬೆನ್ನು ದಬ್ಬುತ್ತದೆ. ಕಷ್ಟ ಮೊದಲು ಮುಗಿಯಬೇಕೆಂದರೆ ಹೀಗೆ ಹೋಗುವುದೇ ಜಾಣತನ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯನ್ನಂತೂ ಬಿಡುವಂತಿಲ್ಲ. ಹೊಲಕ್ಕೆ ನೀರುಣಿಸಲು ಶತಮಾನಗಳ ಹಿಂದೆ ಕಟ್ಟಿದ ಕೆರೆ, ವಿಸ್ತೀರ್ಣ 244 ಎಕರೆ. ನೀರಿನ ನಡುವೆ ನಿಂತ ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆ, ಕೆಂಬರಲು ಗೂಡು ಕಟ್ಟುತ್ತವೆ. 2017ರಲ್ಲಿ ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಲೆಕ್ಕಕ್ಕೆ ಬಂತು. ಕಾರಿನಲ್ಲಿ ಹಾರ್ನ್ ಹೊಡೆಯುತ್ತ ಹೋಗಿ ನೋಡುವ ಜಾಗ ಅಲ್ಲ ಅದು. ಸೈಕಲ್ಲೇ ಸರಿ.

ಸದ್ದಿಲ್ಲದೆ ಹೋಗುವುದು ಅಪಾಯ ಆಗುವ ಜಾಗವೂ ಒಂದಿದೆ. ಅದು ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ. ಕಾಡು, ಕೆರೆ, ಬಂಡೆ ಗುಡ್ಡ ಮೂರೂ ಒಟ್ಟಿಗೆ ಸಿಗುವ ಈ ದಾರಿ ನನ್ನ ಪ್ರಕಾರ ಐದೂ ತಾಲ್ಲೂಕಿನಲ್ಲಿ ಮೊದಲನೆಯದು. ಒನಕೆ ಓಬವ್ವನ ತವರೂರು ಎಂದು ನಮ್ಮ ಕಡೆ ಜನ ಹೇಳುವುದೂ ಇದೇ ಊರನ್ನು. 2013ರಲ್ಲಿ ಇಲ್ಲಿ ಕರಡಿಧಾಮ ಘೋಷಣೆಯಾಯಿತು. ಕರಡಿ ಹಗಲೆಲ್ಲ ಬಂಡೆಗಳ ಸಂದಿನಲ್ಲಿ ಮಲಗಿ, ಹೊತ್ತು ಮುಳುಗುವಾಗ ಹೊರಡುತ್ತದೆ. ಗೆದ್ದಲು, ಇರುವೆ, ಜೇನು, ಬಾರಿಹಣ್ಣು, ಸೀತಾಫಲ ತಿಂದು ನಸುಕಿನಲ್ಲಿ ವಾಪಸು. ಅದರ ಮೂಗು ಚುರುಕು, ಕಣ್ಣು ಮಂದ. ಹುತ್ತಕ್ಕೆ ಮೂತಿ ಇಟ್ಟು ಹೀರುವಾಗ ಪಕ್ಕದಲ್ಲಿ ಯಾರು ಬಂದರೂ ಗೊತ್ತಾಗದು. ಬೇಟೆಯಾಡಲು ಬರುವ ಪ್ರಾಣಿ ಅಲ್ಲ ಅದು. ತೀರಾ ಹತ್ತಿರ ಹೋದ ಮೇಲೆ ಬೆಚ್ಚಿಬಿದ್ದು ಮೈಮೇಲೆ ಎರಗುತ್ತದೆ.

ಬೈಕ್ ಬಂದರೆ ಕರಡಿಗೆ ದೂರದಿಂದಲೇ ಕೇಳುತ್ತದೆ, ಸೈಕಲ್ ಬಂದರೆ ಕೇಳುವುದಿಲ್ಲ. ಅದರ ಮೇಲೆ ಪಟ್ಟಣದ ಸೈಕಲ್‌ನವರಿಗೆ ಇಷ್ಟವಾದ ವೇಳೆಯೇ ನಸುಕು. ಹಾಗಾಗಿ ಗುಡೇಕೋಟೆ ದಾರಿಯಲ್ಲಿ ಬಿಸಿಲು ಚೆನ್ನಾಗಿ ಏರಿದ ಮೇಲೆ ಹೊರಡಿ, ಸಂಜೆಗೆ ಮುಂಚೆ ಕಾಡು ದಾಟಿ. ತಿರುವುಗಳಲ್ಲಿ ಬೆಲ್ ಬಾರಿಸಿ. ಕಿವಿಗೆ ಇಯರ್‌ಫೋನ್ ಬೇಡ. ಇದನ್ನು ಬೋರ್ಡ್ ಬರೆಸುವುದಾದರೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಸಬೇಕು. ರಾತ್ರಿ ಕರೆಂಟ್ ಕೊಟ್ಟಾಗ ಮೋಟರ್ ಚಾಲೂ ಮಾಡಲು ಹೊಲಕ್ಕೆ ಹೋಗುವ ರೈತನೂ ಅದೇ ಕರಡಿಯ ಎದುರು ನಿಲ್ಲುತ್ತಾನೆ. ಪ್ರವಾಸಿಗೆ ಬೋರ್ಡ್ ಹಾಕಿ, ರೈತನಿಗೆ ಹಗಲು ಕರೆಂಟ್ ಕೊಡದಿದ್ದರೆ ಅದೆಂಥ ಸುರಕ್ಷತೆ?

ಇನ್ನು ರಸ್ತೆಯ ಅಂಚು. ಸೈಕಲ್ ತುಳಿಯುವವನನ್ನು ನಿಜವಾಗಿ ಬೀಳಿಸುವುದು ಇದೇ. ಪ್ರತಿ ಸಲ ಡಾಂಬರು ಹಾಕಿದಾಗ ರಸ್ತೆ ಒಂದೆರಡು ಬೆರಳು ಮೇಲೇಳುತ್ತದೆ. ಪಕ್ಕದ ಮಣ್ಣು ಇದ್ದಲ್ಲೇ ಇರುತ್ತದೆ, ಮಳೆಗೆ ಇನ್ನಷ್ಟು ಕೊಚ್ಚಿಹೋಗುತ್ತದೆ. ನಾಲ್ಕು ವರ್ಷಕ್ಕೆ ಅಂಚು ಗೇಣುದ್ದ ಮೆಟ್ಟಿಲಾಗುತ್ತದೆ. ಹಿಂದಿನಿಂದ ಲಾರಿ ಹಾರ್ನ್ ಹೊಡೆದರೆ ಎಂಟನೇ ಕ್ಲಾಸಿನ ಹುಡುಗಿ ಏನು ಮಾಡಬೇಕು? ಕೆಳಗಿಳಿದರೆ ಗಾಲಿ ಜಾರಿ ಬೀಳುತ್ತಾಳೆ, ಇಳಿಯದಿದ್ದರೆ ಲಾರಿ. ಇದಕ್ಕೆ ಬೇಕಿರುವುದು ದೊಡ್ಡ ಯೋಜನೆ ಅಲ್ಲ. ಡಾಂಬರಿನ ಎರಡೂ ಬದಿಗೆ ಗರಸು ಹಾಕಿ, ರೋಲರ್ ಹೊಡೆಯಬೇಕು. ನಿಮ್ಮೂರಿನ ರಸ್ತೆಯ ಅಂದಾಜು ಪಟ್ಟಿಯಲ್ಲಿ ಅದು ಇದೆಯೋ ಇಲ್ಲವೋ ಮಾಹಿತಿ ಹಕ್ಕಿನಲ್ಲಿ ಕೇಳಿ. ಇದ್ದರೆ, ಬಿಲ್ ಪಾಸಾಗುವ ಮುಂಚೆ ಅಂಚು ನೋಡಿ ಬನ್ನಿ.

ಇನ್ನೊಂದು ಕಾಟ ಬಳ್ಳಾರಿ ಜಾಲಿ. ಜಿಲ್ಲೆ 2021ರಲ್ಲಿ ಬೇರೆಯಾಯಿತು, ಹೆಸರೂ ಬದಲಾಯಿತು, ಆದರೆ ಜಾಲಿ ಮಾತ್ರ ಬಳ್ಳಾರಿಯದಾಗಿಯೇ ನಮ್ಮ ರಸ್ತೆಗೆ ಒರಗಿ ನಿಂತಿದೆ. ಕೊಂಬೆ ಮುಖಕ್ಕೆ ಹೊಡೆಯುತ್ತದೆ, ಮುಳ್ಳು ಟ್ಯೂಬಿಗೆ. ತಿರುವಿನಲ್ಲಿ ಎದುರು ಬರುವ ಗಾಡಿ ಕಾಣುವುದಿಲ್ಲ. ಸುಗ್ಗಿಯಲ್ಲಿ ರಸ್ತೆ ಮೇಲೆ ರಾಗಿ, ತೊಗರಿ ಹಾಸುವುದರ ಬಗ್ಗೆಯೂ ಬೈಗುಳ ಇದೆ. ಕಾಳಿನ ಮೇಲೆ ಸೈಕಲ್ ಜಾರುತ್ತದೆ, ನಿಜ. ಆದರೆ ಕಣ ಇಲ್ಲದ ರೈತ ಎಲ್ಲಿಗೆ ಹೋಗಬೇಕು? ಪಂಚಾಯಿತಿಗಳು ಒಕ್ಕಣೆ ಕಣ ಕಟ್ಟಿಸಿಕೊಟ್ಟ ಮೇಲೆ ದಂಡದ ಮಾತು ಆಡಲಿ.

ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು. ಏಳನೇ ಕ್ಲಾಸಿಗೆ ಶಾಲೆ ಬಿಡುತ್ತಿದ್ದ ಎಷ್ಟೋ ಹೆಣ್ಣುಮಕ್ಕಳು ಪಕ್ಕದೂರಿನ ಹೈಸ್ಕೂಲು ಕಂಡದ್ದು ಆ ಸೈಕಲ್ಲಿನಿಂದ. ಕೋವಿಡ್ ಬಂದ ಮೇಲೆ ಅದು ನಿಂತಿತು. ಈಗ ಹೆಣ್ಣುಮಕ್ಕಳಿಗೆ ಬಸ್ ಉಚಿತ ಇದೆಯಲ್ಲ ಎನ್ನುತ್ತಾರೆ. ಬಸ್ ಬರುವ ಊರಿಗೆ ಆ ಮಾತು ಸರಿ. ಮುಂಜಾನೆ ಒಂದು, ಸಂಜೆ ಒಂದು ಬಸ್ ಇರುವ ಊರಲ್ಲಿ ಸ್ಪೆಷಲ್ ಕ್ಲಾಸ್ ಮುಗಿಸಿದ ಹುಡುಗಿ ಮನೆಗೆ ಹೇಗೆ ಬರಬೇಕು?

ವಿಜಯಪುರ, ಬಾಗಲಕೋಟೆ ಕಡೆ ಜಾತ್ರೆಗಳಲ್ಲಿ ಸೈಕಲ್ ರೇಸ್ ಇಡುತ್ತಾರೆ. ಅಲ್ಲಿನ ಹಳ್ಳಿ ಹುಡುಗರು, ಹುಡುಗಿಯರು ರಾಷ್ಟ್ರಮಟ್ಟದವರೆಗೆ ಹೋಗಿದ್ದಾರೆ. ನಮ್ಮಲ್ಲೂ ಅಂಥ ಒಂದು ರೇಸ್ ಯಾಕಾಗಬಾರದು? ಕೊಟ್ಟೂರು ರಥೋತ್ಸವಕ್ಕೆ, ಮೈಲಾರದ ಜಾತ್ರೆಗೆ ಜನ ಪಾದಯಾತ್ರೆಯಲ್ಲಿ, ಎತ್ತಿನ ಗಾಡಿಯಲ್ಲಿ ಬರುವ ಸೀಮೆ ಇದು. ಕಾಲಿನ ಕಸುವಿಗೆ ಇಲ್ಲಿ ಬರ ಇಲ್ಲ.

ಸದ್ಯಕ್ಕೆ ಒಂದು ಕೆಲಸ. ಮುಂದಿನ ಗ್ರಾಮಸಭೆಗೆ ಹೋದಾಗ ನಿಮ್ಮೂರಿನಿಂದ ಹೈಸ್ಕೂಲಿನವರೆಗಿನ ರಸ್ತೆಯ ಹೆಸರು ಹೇಳಿ, ಎರಡು ವಿಷಯ ನಡಾವಳಿಯಲ್ಲಿ ಬರೆಸಿ: ಅಂಚಿಗೆ ಗರಸು, ತಿರುವುಗಳಲ್ಲಿ ಜಾಲಿ ಕಡಿತ. ಬಾಯಿಮಾತಲ್ಲಿ ಆಯ್ತು ಎಂದರೆ ಎದ್ದು ಬರಬೇಡಿ, ಬರೆದದ್ದನ್ನು ಓದಿಸಿಕೊಳ್ಳಿ. ಆ ಪುಟದ ಫೋಟೊ ಫೋನಿನಲ್ಲಿ ಇಟ್ಟುಕೊಳ್ಳಿ.