ಶಿಕ್ಷಕರು ಶಾಲೆ ಬಿಡುವುದೇಕೆ?
ಜೂನ್ ಸಮೀಪಿಸಿತೆಂದರೆ ನಮ್ಮ ಸಮುದಾಯದ ಶಾಲೆಗಳ ಮುಖ್ಯೋಪಾಧ್ಯಾಯಿನಿಯರಿಗೆ ಹೊಸ ಶಿಕ್ಷಕರನ್ನು ಹುಡುಕುವ ಚಿಂತೆ. ಅನುದಾನಿತ ಶಾಲೆಯಲ್ಲಿ ಒಬ್ಬರಿಗೆ ಸರ್ಕಾರದ ವೇತನ. ಪಕ್ಕದ ಕೊಠಡಿಯಲ್ಲಿ ಅದೇ ಪಾಠ ಹೇಳುವವರಿಗೆ ಆಡಳಿತ ಮಂಡಳಿ ಕೊಡುವ ಅಲ್ಪ ಸಂಬಳ. 2022ರಲ್ಲಿ ರಾಜ್ಯ ಸರ್ಕಾರವು 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಅರ್ಜಿ ಕರೆದಾಗ ಇಂಥವರು ಅತ್ತ ಮುಖ ಮಾಡಿದ್ದರೆ ಅಚ್ಚರಿಯೇನು? ಸೇವಾಮನೋಭಾವ ಕುಂದಿತೆಂದು ದೂರುವುದು ಸುಲಭ. (ದೂರುವವರ ವೇತನವೆಷ್ಟೆಂದು ಯಾರೂ ಕೇಳರು.)

ದುಡಿಯುವವನಿಗೆ ನ್ಯಾಯವಾದ ಕೂಲಿ ಸಲ್ಲಬೇಕೆಂದು ಜಗದ್ಗುರು ಹದಿಮೂರನೆಯ ಲಿಯೋ ಅವರು 1891ರಷ್ಟು ಹಿಂದೆಯೇ 'ರೇರುಮ್ ನೊವಾರುಮ್' ವಿಶ್ವಪತ್ರದಲ್ಲಿ ಬೋಧಿಸಿದರು. ಶಿಕ್ಷಕರಿಗೂ ಗ್ರಾಚ್ಯುಟಿ ಸಲ್ಲಬೇಕೆಂದು 2009ರ ತಿದ್ದುಪಡಿ ವಿಧಿಸಿತು. ಖಾಸಗಿ ಶಾಲೆಗಳ ಆಕ್ಷೇಪವನ್ನು ಸುಪ್ರೀಂ ಕೋರ್ಟು 2022ರ ಆಗಸ್ಟಿನಲ್ಲಿ ತಳ್ಳಿಹಾಕಿತು. ಹೀಗಿರುವಾಗ, ಮಾರ್ಚಿನಲ್ಲಿ ಬಿಡುಗಡೆ ಮಾಡಿ ಜೂನಿನಲ್ಲಿ ಮತ್ತೆ ನೇಮಿಸಿಕೊಂಡು ರಜೆಯ ಸಂಬಳ ಉಳಿಸುವ ಪದ್ಧತಿ ಎಲ್ಲಿದ್ದರೂ ಅದು ಕ್ರೈಸ್ತ ಸಂಸ್ಥೆಗೆ ಶೋಭಿಸದೆಂದು ನಾವು ಭಾವಿಸುತ್ತೇವೆ.

ಹಣವೆಲ್ಲಿಂದ? ಶುಲ್ಕ ಏರಿದರೆ ಪೋಷಕರು ಸಹಿಸರು, ನಿಜ. ಆದರೆ ಶತಮಾನೋತ್ಸವದ ಸಭಾಂಗಣಕ್ಕೆ ದಾನಿಗಳು ದೊರೆಯುತ್ತಾರಲ್ಲ! ಅಂಥ ಕಾಣಿಕೆಯ ಒಂದು ಪಾಲು ಶಿಕ್ಷಕರ ವೇತನನಿಧಿಗೆ ಸೇರಲಿ, ಅದರ ಲೆಕ್ಕ ಪೋಷಕರ ಮುಂದೆ ಬರಲಿ ಎಂದು ಮುಂದಿನ ಚರ್ಚ್ ಪಾಲನಾ ಮಂಡಳಿಯ ಸಭೆಯಲ್ಲಿಯೇ ಕೇಳೋಣ.