ಹಾಲಿ ಸಿಕ್ಕಾ ಹೋಯಿತು, ಅಂತರ ಉಳಿಯಿತು

1940ರ ದಶಕದಲ್ಲಿ ಹುಬ್ಬಳ್ಳಿಯಿಂದ ಗದಗ ದಾಟಿ ಕೊಪ್ಪಳಕ್ಕೆ ರೈಲಿನಲ್ಲಿ ಹೋದವರು ಒಂದು ರೂಪಾಯಿಯ ಸೀಮೆಯಿಂದ ಇನ್ನೊಂದು ರೂಪಾಯಿಯ ಸೀಮೆಗೆ ಹೋಗುತ್ತಿದ್ದರು. ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿ ನಡೆಯುತ್ತಿದ್ದುದು ಬ್ರಿಟಿಷ್ ರೂಪಾಯಿ. ನಿಜಾಮನ ಆಳ್ವಿಕೆಯ ಕೊಪ್ಪಳದಲ್ಲಿ ಚಾರ್‌ಮಿನಾರ್ ಮುದ್ರೆಯ ಹಾಲಿ ಸಿಕ್ಕಾ. ಬ್ರಿಟಿಷ್ ನಾಣ್ಯವನ್ನು ಆ ಕಡೆಯವರು ಕಲ್ದಾರ ಎನ್ನುತ್ತಿದ್ದರು. ನೂರು ಕಲ್ದಾರಕ್ಕೆ 116 ರೂಪಾಯಿ 10 ಆಣೆ 8 ಪೈ ಹಾಲಿ, ಅಂದರೆ ಆರಕ್ಕೆ ಏಳು. ಸಂತೆಯಿಂದ ಸಂತೆಗೆ ಮಾಲು ಸಾಗಿಸುವವರಿಗೆ ಈ ವಟಾವಿನ ಲೆಕ್ಕ ತಪ್ಪುತ್ತಿರಲಿಲ್ಲ. 1948ರಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿದ ಮೇಲೆ, 1950ರ ದಶಕದಲ್ಲಿ ಹಾಲಿ ಸಿಕ್ಕಾ ಚಲಾವಣೆಯಿಂದ ಹೋಯಿತು. 1956ರ ಏಕೀಕರಣದಲ್ಲಿ ಎರಡೂ ನೆಲ ಒಂದೇ ರಾಜ್ಯವಾದವು.

ನಾಣ್ಯ ಒಂದಾಯಿತು, ಬದುಕಿನ ಮಟ್ಟ ಒಂದಾಗಲಿಲ್ಲ. 2002ರಲ್ಲಿ ನಂಜುಂಡಪ್ಪ ಸಮಿತಿ ಗುರುತಿಸಿದ 39 ಅತಿ ಹಿಂದುಳಿದ ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದವು. ಬಳ್ಳಾರಿ ಸೀಮೆ ಬಿಟ್ಟರೆ ಆ ವಿಭಾಗದ ಬಹುಪಾಲು ಹಳೆಯ ಹಾಲಿ ಸಿಕ್ಕಾದ ನೆಲ. ಇದಕ್ಕೆ ನಾಣ್ಯವನ್ನೇ ದೂರುವುದು ತಪ್ಪು. ನೀರಾವರಿ, ಶಾಲೆ, ರಸ್ತೆಗಳ ಕೊರತೆ ನಿಜಾಮನ ಕಾಲದಿಂದಲೇ ಬಂದದ್ದು. ಸ್ವಂತ ನಾಣ್ಯವಿದ್ದಾಗಲೂ ರಾಯಚೂರಿನ ರೈತನಿಗೆ ಅದರಿಂದ ರಕ್ಷಣೆ ಸಿಗಲಿಲ್ಲ. ಆದರೂ ಒಂದು ಮಾತು ನಿಜ. ಒಂದೇ ನಾಣ್ಯದೊಳಗೆ ಬಂದ ಮೇಲೆ ಹಿಂದುಳಿದ ಪ್ರದೇಶಕ್ಕೆ ತನ್ನ ಹಣದ ಬೆಲೆ ಇಳಿಸಿ ಮಾಲು ಮಾರುವ ದಾರಿ ಮುಚ್ಚುತ್ತದೆ. 2010ರ ನಂತರ ಗ್ರೀಸ್ ಅನುಭವಿಸಿದ್ದು ಇದನ್ನೇ: ಯೂರೋದೊಳಗಿದ್ದು ಬೆಲೆ ಇಳಿಸಲಾಗದೆ ಸಂಬಳ, ಪಿಂಚಣಿಗಳನ್ನೇ ಕಡಿಯಬೇಕಾಯಿತು. ಯುರೋಪಿನಲ್ಲಿ ನಾಣ್ಯ ಒಂದಾದರೂ ಬೊಕ್ಕಸ ಬೇರೆ ಬೇರೆಯಾಗಿಯೇ ಉಳಿದಿತ್ತು. ನಮ್ಮಲ್ಲಿ ಆ ಕೊರತೆ ತುಂಬಲು, ಕೇಂದ್ರ ತೆರಿಗೆಯನ್ನು ರಾಜ್ಯಗಳ ನಡುವೆ ಹೇಗೆ ಹಂಚಬೇಕೆಂದು ಸೂಚಿಸುವ ಹಣಕಾಸು ಆಯೋಗವಿದೆ.

ಹಾಗಾದರೆ ದುಡಿಯುವ ರಾಜ್ಯ ಎಷ್ಟು ಕೊಡುತ್ತಲೇ ಇರಬೇಕು ಎಂಬ ಪ್ರಶ್ನೆ ಸಹಜ. ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲನ್ನು 15ನೇ ಹಣಕಾಸು ಆಯೋಗ ಶೇ 4.713ರಿಂದ 3.647ಕ್ಕೆ ಇಳಿಸಿದ್ದು ನಮಗೆ ಅನ್ಯಾಯವೇ. ಅಷ್ಟು ದೊಡ್ಡ ಕಡಿತವನ್ನು ಒಮ್ಮೆಗೇ ಹೇರಬಾರದಿತ್ತು. ಆದರೆ ಪಾಲಿನ ಪ್ರಮಾಣಕ್ಕಾಗಿ ಜಗಳವಾಡುವುದು ಬೇರೆ, ಹಂಚಿಕೆಯ ತತ್ವವನ್ನೇ ಅಲ್ಲಗಳೆಯುವುದು ಬೇರೆ. 'ನಮ್ಮ ತೆರಿಗೆ ನಮ್ಮ ಹಕ್ಕು' ಎಂಬುದನ್ನು ಅಕ್ಷರಶಃ ಹಿಡಿದರೆ ಬೆಂಗಳೂರಿನ ತೆರಿಗೆ ಬೆಂಗಳೂರಿನಲ್ಲೇ ಉಳಿಯಬೇಕಾಗುತ್ತದೆ. ಆಗ ಯಾದಗಿರಿಗೆ ಏನು ಉಳಿಯುತ್ತದೆ? ಹುಬ್ಬಳ್ಳಿ-ಧಾರವಾಡದವರಾದ ನಾವೂ ರಾಜಧಾನಿಯಿಂದ ಬರುವ ಅನುದಾನ ಸಾಲದೆಂದು ದೂರುತ್ತೇವೆ, ಅದು ಸರಿಯಾದ ದೂರು. ಆ ದೂರಿಗೆ ಬಲ ಬರುವುದು ನಮಗಿಂತ ಹಿಂದಿರುವ ಕೊಪ್ಪಳ, ಯಾದಗಿರಿಗಳ ಪಾಲನ್ನೂ ಅದೇ ಗಟ್ಟಿ ದನಿಯಲ್ಲಿ ಕೇಳಿದಾಗ. ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕಕ್ಕೆ, ಅಂದರೆ ಅದೇ ಕಲಬುರಗಿ ವಿಭಾಗಕ್ಕೆ, ಮೀಸಲಿಟ್ಟ ಹಣ ಪ್ರತಿ ವರ್ಷ ಪೂರ್ತಿ ಖರ್ಚಾಯಿತೇ, ಯಾವ ಶಾಲೆಗೆ, ಯಾವ ಕಾಲುವೆಗೆ ಹೋಯಿತು ಎಂಬ ಲೆಕ್ಕವನ್ನು ಧಾರವಾಡದ ಶಾಸಕರೂ ಸದನದಲ್ಲಿ ಕೇಳಲಿ.